ಮುದುಕ ಸರದಾರನ ಕೊನೆಯ ಮಾತು

ನಿಪ್ಪಾಣಿ, ಬುಧವಾರ, ೧೨ ನವೆಂಬರ್ ೨೦೨೫

ಸೊಹೇಲನ ಮುಖ ನೋಡಬಾರದು ಅನಿಸಿದೆ. ಹಳೆಯ ಜಪಾನಿ ರೋಬೋಟ್ ಗೇಮನ್ನು ಇಬ್ಬರೂ ಸೇರಿ ಕನ್ನಡಕ್ಕೆ ತರುತ್ತಿದ್ದೇವೆ. ಮಾತು ಬರೆಯುವವನು ನಾನು, ಗೇಮಿನೊಳಗೆ ಕೂರಿಸುವವನು ಅವನು. ಉರಿಯುವ ರೋಬೋಟಿನೊಳಗೆ ಕೂತ ಮುದುಕ ಸರದಾರನ ವಿದಾಯಕ್ಕೆ, ಕಾಳಗದ ನಡುವೆಯೇ ಪರದೆ ಮೇಲೆ ಮೂಡುವ ನಾಲ್ಕು ಸಾಲು ಬರೆದಿದ್ದೆ. ನಕ್ಷತ್ರ, ಬೂದಿ, ತಾಯ್ನೆಲ ಎಲ್ಲ ಇತ್ತು. ಕಟ್ ಮಾಡಿದ, ಕಟುಕ.

"ಗುಂಡು ಹಾರಾಕತ್ತಾವ, ನಿನ್ನ ಪುರಾಣ ಯಾವಾಗ ಓದೂದು ಲೇ? ಓದಾಕ ನಿಂತಾಂವ ಸಾಯ್ತಾನ."

"ಎಂ.ಎ. ಮಾಡಿದಾಂವ ನಾನು," ಅಂದೆ.

"ಅದಕ್ಕ ಉದ್ದ ಆಗೇತಿ."

ಹಟ ಹಿಡಿದು ನನ್ನ ಸಾಲುಗಳನ್ನೇ ಹಾಕಿಸಿ ಆಡಿದೆ. ಎರಡನೇ ಸಾಲು ಮುಗಿಯುವ ಮೊದಲೇ ಸತ್ತೆ. ನನ್ನ ಸಾಹಿತ್ಯಕ್ಕೆ ಮೊದಲ ಬಲಿ ನಾನೇ. ದುಷ್ಟ ನಗಲೂ ಇಲ್ಲ. ತನ್ನ ಸಾಲು ಹಾಕಿ ರಿಮೋಟನ್ನು ಮತ್ತೆ ನನ್ನ ಕೈಗಿತ್ತ.

ಈ ಸಲ ಬದುಕಿದೆ. ಬೆಂಕಿಯೊಳಗಿಂದ ಮುದುಕ ಒಂದೇ ಮಾತು ಆಡಿದ: "ಬರ್ತೇನಪಾ."

ಮನೆ ಬಿಡುವಾಗ ಹೋಗುತ್ತೇನೆ ಅನ್ನಬಾರದೆಂದು ದಿನವೂ ನಾವೆಲ್ಲ ಆಡುವ ಮಾತು. ಆ ಮುದುಕ ಮಾತ್ರ ಬರುವುದಿಲ್ಲ. ಇದು ನನಗೆ ಹೊಳೆಯಬೇಕಿತ್ತು. ಆ ಹಾಳಾದವನಿಗೆ ಹೊಳೆಯಿತು.

ಚಪ್ಪಲಿ ಮೆಟ್ಟುತ್ತ ಬೇಕೆಂದೇ, "ಹೋಗ್ತೇನಿ," ಅಂದೆ.

"ನಾಳೆ ಲಗೂ ಬಾ," ಅಂದ.