ಮೇಲಿನ ಚೀಟಿ, ಒಳಗಿನ ಮಾಲು

ಖೂಬಾ ಪ್ಲಾಟ್, ಕಲಬುರಗಿ
೧೩ ಜುಲೈ ೨೦೦೩

ಪ್ರೀತಿಯ ಅವ್ವಾ,

ಹಲ್ಲುನೋವು ಕಡಿಮೆಯಾಯಿತೇ? ಲವಂಗ ಕಚ್ಚಿಕೊಂಡು ಕೂತರೆ ಆಗದು, ಡಾಕ್ಟರಿಗೆ ತೋರಿಸು. ಕಮಲಾಪುರದಲ್ಲಿ ಒಳ್ಳೆಯ ಮಳೆಯಂತೆ. ಇಲ್ಲಿ ಬರೀ ಧಗೆ. ಫೋನ್ ಮಾಡಬಹುದಿತ್ತು, ಆದರೆ ನಮ್ಮ ಫೋನು ಇರುವುದು ಪಡಸಾಲೆಯಲ್ಲಿ, ಅತ್ತೆಯವರು ಇರುವುದೂ ಅಲ್ಲೇ. ಅದಕ್ಕೇ ಈ ಕಾಗದ.

ಅವ್ವಾ, ನನಗೆ ತಲೆ ಚಿಟ್ಟು ಹಿಡಿದುಹೋಗಿದೆ. ಜೇವರ್ಗಿ ಕಾಲೋನಿಯ ಆಫೀಸಿನಲ್ಲಿ ನಾನು ಮಾಡುವುದು ಟೈಪಿಂಗ್ ಅಲ್ಲ ಎಂದು ಎಷ್ಟು ಹೇಳಿದರೂ ಅತ್ತೆಯವರು ಬಂದವರಿಗೆಲ್ಲ "ನಮ್ಮ ಸೊಸಿ ಕಂಪ್ಯೂಟರ್ ಬಡೀತಾಳರೀ" ಎನ್ನುತ್ತಾರೆ. ನನ್ನ ಪಾಲಿಗೆ ಬಂದಿದ್ದು ಒಂದು ಹಳೆಯ ಪ್ರೋಗ್ರಾಮು, ಡ್ರೈವರ್ ಎನ್ನುತ್ತಾರೆ. ಇಲ್ಲದ ನೆಟ್‌ವರ್ಕ್ ಕಾರ್ಡನ್ನು ಇದೆ ಎಂದು ಕಂಪ್ಯೂಟರಿಗೆ ನಂಬಿಸುವುದು ಅದರ ಕೆಲಸ. ಆ ಸುಳ್ಳು ಕಾರ್ಡಿನಿಂದ ಮಾಹಿತಿಯೆಲ್ಲ ಸಣ್ಣ ಸಣ್ಣ ಪ್ಯಾಕೆಟ್ಟುಗಳಾಗಿ ಇನ್ನೊಂದು ಕಂಪ್ಯೂಟರಿಗೆ ಹೋಗಬೇಕು. ಅರ್ಧ ಹೋಗುತ್ತಿದ್ದವು, ಉಳಿದ ಅರ್ಧ ಸದ್ದಿಲ್ಲದೆ ಮಾಯ. ಏನು ತಪ್ಪಿದೆ ಎಂದು ಆ ಮುಂಡೇದು ಒಂದು ಮಾತಾದರೂ ಹೇಳಬಾರದೇ! ನಮ್ಮ ಸಾಹೇಬರು, ನೀಲಕಂಠ ಸರ್, "ಸೋಮವಾರದೊಳಗ ಆಗ್ಲಿಲ್ಲಂದ್ರ ಬ್ಯಾರೆಯವರಿಗೆ ಕೊಡ್ತೀನವ್ವಾ" ಎಂದರು. ನಿನ್ನ ಅಳಿಯಂದಿರು, "ಕೊಡ್ಲಿ ಬಿಡು, ನೀ ಮನ್ಯಾಗ ಇರು" ಎಂದರು. ಇವರ ಸಮಾಧಾನದ ಮಾತು ಇಷ್ಟೇ. ಈ ಕೆಲಸ ಹೋದರೆ ಮತ್ತೊಂದಕ್ಕೆ ಕಳಿಸುವುದಿಲ್ಲ ಎಂಬುದು ನನಗೆ ಗೊತ್ತು.

ವೈರು ಬದಲಿಸಿದೆ. ಆ ಕಡೆಯ ಕಂಪ್ಯೂಟರನ್ನು ಬೈದೆ. ಪಕ್ಕದಲ್ಲಿ ಕೂರುವ ಇಮಾಮುದ್ದೀನನನ್ನೂ ಬೈದೆ, ಪಾಪ. ಕೊನೆಗೆ ಒಂದೊಂದೇ ಪ್ಯಾಕೆಟ್ಟು ಬಿಡಿಸಿ ನೋಡಿದರೆ ಒಳಗಿನ ಮಾಲು ಸರಿ, ಒಳಗೇನಿದೆ ಎಂದು ಹೇಳುವ ಮೇಲಿನ ಚೀಟಿ ತಪ್ಪು! ಕಂಪ್ಯೂಟರುಗಳು ವಿಳಾಸ ಬರೆಯುವುದರಲ್ಲಿ ಹಳೆಯದು, ಹೊಸದು ಎಂದು ಎರಡು ಪದ್ಧತಿ ಇವೆ. ನಮ್ಮ ಡ್ರೈವರ್ ಒಳಗೇನಿದೆ ಎಂದು ನೋಡದೆ ಎಲ್ಲದಕ್ಕೂ ಹಳೆಯದರ ಚೀಟಿ ಹಚ್ಚುತ್ತಿತ್ತು. ನಿನ್ನ ಬಿಸ್ಕತ್ತಿನ ಡಬ್ಬಿಯಲ್ಲಿ ಖಾರಪುಡಿ ಇದ್ದರೂ ನಾವು ಹುಡುಕಿಕೊಳ್ಳುತ್ತೇವೆ. ಆ ಕಡೆಯ ಕಂಪ್ಯೂಟರಿಗೆ ಅಂಥ ತಾಳ್ಮೆಯಿಲ್ಲ, ಚೀಟಿಗೂ ಮಾಲಿಗೂ ತಾಳೆಯಾಗದಿದ್ದರೆ ಎಸೆದುಬಿಡುತ್ತದೆ. ತಾನು ಯಾವ ಪದ್ಧತಿಯದು ಎಂದು ಪ್ಯಾಕೆಟ್ಟಿನ ಮೊದಲ ಅಂಕಿಯೇ ಹೇಳುತ್ತದೆ. ಅದನ್ನು ಕೇಳಿ ಚೀಟಿ ಹಚ್ಚುವ ಹಾಗೆ ತಿದ್ದಿದೆ. ನಿನ್ನೆ ಎಲ್ಲವೂ ದಾಟಿದವು. ಇಮಾಮುದ್ದೀನ್ ಸೂಪರ್ ಮಾರ್ಕೆಟ್ಟಿಗೆ ಓಡಿ ಜಿಲೇಬಿ ತಂದ.

ಅಲ್ಲಿಗೆ ಮುಗಿಯಬೇಕಿತ್ತು. ತಿದ್ದಿದವರ ಹೆಸರನ್ನು ಪ್ರೋಗ್ರಾಮಿನ ಮೇಲೆ ಹಾಕು ಎಂದರು ಸರ್. ಮನೆಯಲ್ಲಿ ಹೇಳಿದೆ. ಇವರು, "ಜಾನಕೀ ಅಂತ ಹಾಕು" ಎಂದರು. ಗಂಡನ ಮನೆಯ ಹೊಸ ಹೆಸರೆಂದು ಮದುವೆಯ ದಿನ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಬರೆದರಲ್ಲ, ಆ ಹೆಸರು. ಅವತ್ತೂ ನನ್ನನ್ನು ಯಾರೂ ಕೇಳಲಿಲ್ಲ. ಇಂಜಿನಿಯರಿಂಗ್ ಓದಿದವಳು ಗೋದಾವರಿ, ಈ ತಪ್ಪು ಹಿಡಿದವಳೂ ಗೋದಾವರಿ. ಹಾಗೇ ಹಾಕುತ್ತೇನೆ ಎಂದೆ. ಇವರು ಸಿಟ್ಟಾಗಿ ಎದ್ದುಹೋದರು.

ಅಪ್ಪನಿಗೆ ನಮಸ್ಕಾರ. ಅಣ್ಣ-ವೈನಿಗೆ, ಮಕ್ಕಳಿಗೆ ಕೇಳಿದೆನೆಂದು ಹೇಳು.

ನಿನ್ನ ಮಗಳು,
ಗೋದಾವರಿ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ಅತ್ತೆಯವರು ಕರೆಯುತ್ತಿದ್ದಾರೆ. ನನ್ನ ಸಿಟ್ಟು ಇವರ ಮೇಲಿರುವುದಕ್ಕಿಂತ ನಿನ್ನ ಮೇಲೆ ಹೆಚ್ಚು. ಬೀಗರು ಏನಂದುಕೊಂಡಾರೋ ಎಂದು ನೀನೂ ಜಾನಕೀ ಎನ್ನತೊಡಗಿದೆಯಲ್ಲ! ಅವರು ಹೆಸರಿಟ್ಟವರು, ಕರೆಯಲಿ, ನೀನು ಹೆತ್ತವಳು. ಪಂಚಮಿಗೆ ನನ್ನನ್ನು ಕರೆದೊಯ್ಯಲು ಅಣ್ಣನನ್ನು ಕಳಿಸಬೇಡ, ನೀನೇ ಬಾ. ಬಾಗಿಲಲ್ಲಿ ನಿಂತು, ಪಡಸಾಲೆಗೆಲ್ಲ ಕೇಳುವ ಹಾಗೆ, "ಗೋದೂ" ಎಂದು ಕೂಗು. ಇನ್ನೊಂದು ಹೆಸರಿಗೆ ನಾನು ಹೊರಗೆ ಬರುವುದಿಲ್ಲ.