ಮೂರನೆಯ ಹುಡ್

ಗೆಳೆಯ ಕೊಕ್ಕರೆಗೆ,

ಕೆರೆಯಂಚಿನಲ್ಲಿ ಕ್ಯಾಮೆರಾ ಹಿಡಿದು ಗಂಟೆಗಟ್ಟಲೆ ಕದಲದೆ ನಿಲ್ಲುತ್ತಿದ್ದೆಯಲ್ಲ, ಅದಕ್ಕೇ ನಿನಗೆ ಆ ಹೆಸರಿಟ್ಟವನು ನಾನು. ಈ ಪತ್ರವನ್ನು ನೀನು ಓದಲಾರೆ, ನಿನ್ನ ಮಗಳು ಓದಿ ಹೇಳಬೇಕು. ಆ ಕಾರಣಕ್ಕೇ ಎರಡು ವರ್ಷ ಬರೆಯಲು ಕೈ ಬರಲಿಲ್ಲ.

ದೊಡ್ಡ ಲೆನ್ಸಿನಲ್ಲಿ ಮಿಂಚುಳ್ಳಿ ಮಸುಕಾಗಿ ಕಾಣುತ್ತದೆ ಎಂದು ನೀನು ಮೊದಲ ಸಲ ನನ್ನ ರಿಪೇರಿ ಅಂಗಡಿಗೆ ಬಂದೆ. ಲೆನ್ಸಿನ ಮೂತಿಗೆ ಹೂವಿನ ಎಸಳಿನ ಹಾಗೆ ಕತ್ತರಿಸಿದ, ಬಿಸಿಲಿಗೆ ಮರೆಯಾಗುವ ಗಿಡ್ಡ ಹುಡ್ ಸಿಕ್ಕಿಸಿಕೊಂಡಿದ್ದೆ. ಅದು ಅಗಲ ನೋಟದ ಲೆನ್ಸಿಗೆ ಸರಿ, ದೂರದ ಹಕ್ಕಿ ಹಿಡಿಯಲು ಉದ್ದದ ಕೊಳವೆಯೇ ಬೇಕು, ಓರೆ ಬಿಸಿಲು ಗಾಜಿಗೆ ಬಡಿಯಬಾರದು ಎಂದೆಲ್ಲ ಹೇಳಿದೆ. ಶಾಲೆಯ ಮೇಷ್ಟ್ರಾದ ನಿನಗೇ ಪಾಠ ಹೇಳುವ ಖುಷಿ ನನಗೆ. ಉದ್ದದ್ದು ಹಾಕಿಕೊಟ್ಟೆ. ಮಸುಕು ಹೋಗಿಲ್ಲ ಎಂದು ತಿಂಗಳಿಗೆ ನೀನು ಮತ್ತೆ ಬಂದೆ. ಒಳಗೆ ಕಪ್ಪು ಮಖಮಲ್ಲು ಅಂಟಿಸಿ ಇನ್ನೊಂದು ಮಾಡಿದೆ. ನೀನು ಮತ್ತೂ ಬಂದೆ. ಮೂರನೆಯದು ಎಷ್ಟು ಉದ್ದವೆಂದರೆ ಗಾಳಿ ಬೀಸಿದರೆ ಲೆನ್ಸೇ ಅಲ್ಲಾಡುತ್ತಿತ್ತು. ಹಕ್ಕಿಗಳು ಫಿರಂಗಿ ಬಂತೆಂದು ಊರು ಬಿಟ್ಟಾವು ಎಂದು ಇಬ್ಬರೂ ನಕ್ಕಿದ್ದೆವು.

ಮುಚ್ಚಿಟ್ಟದ್ದನ್ನು ಈಗ ಹೇಳುತ್ತೇನೆ. ಪ್ರತಿ ಸಲವೂ ನಿನ್ನ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತೆರೆದು ನೋಡಿದ್ದೆ. ಗರಿಯ ಎಳೆ ಎಳೆಯೂ ಸ್ಪಷ್ಟವಾಗಿತ್ತು. ಹಾಗಾದರೆ ಮಸುಕು ಎಲ್ಲಿ ಎಂಬ ಪ್ರಶ್ನೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೂರನೆಯ ಹುಡ್ ಕೊಟ್ಟ ದಿನ ನೀನು ನನ್ನ ಮೇಜಿನ ದೀಪ ನೋಡುತ್ತ, "ಈ ಬಲ್ಬಿನ ಸುತ್ತ ಬಣ್ಣದ ಬಳೆ ಕಾಣ್ತಿದೆ ಕಣೋ" ಎಂದೆ. ಆಗ ನಿನ್ನ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ. ನನ್ನ ಅನುಮಾನ ನಿನ್ನ ಕಣ್ಣಿನ ಮೇಲೆ ಹೋಯಿತು. ಕೆಟ್ಟದ್ದನ್ನು ಬಾಯಲ್ಲಿ ಯಾಕೆ ಆಡಬೇಕು ಎಂದುಕೊಂಡು, ಹಕ್ಕಿ ಹುಚ್ಚು ತಲೆಗೇರಿದೆ ಎಂದು ತಮಾಷೆ ಮಾಡಿ ಕಳಿಸಿದೆ.

ಎಂಟು ತಿಂಗಳ ಮೇಲೆ, ಕಣ್ಣಿನೊಳಗಿನ ಒತ್ತಡ ನರವನ್ನು ತಿಂದುಹಾಕಿದೆ, ಹೋದ ದೃಷ್ಟಿ ಬರುವುದಿಲ್ಲ ಎಂದರು ಡಾಕ್ಟರು. ಮೊದಲೇ ಯಾಕೆ ಬರಲಿಲ್ಲ ಎಂದು ಕೇಳಿದಾಗ ನೀನು, "ಲೆನ್ಸಿನದೇ ದೋಷ ಅಂದ್ಕೊಂಡಿದ್ದೆ" ಎಂದೆ. ನಿನ್ನ ತೋಳು ಹಿಡಿದು ಪಕ್ಕದಲ್ಲೇ ನಿಂತಿದ್ದ ನಾನು ತುಟಿ ಬಿಚ್ಚಲಿಲ್ಲ. ಇದು ವಂಶದಲ್ಲಿ ಬರಬಹುದು, ಮನೆಯವರೂ ಒಮ್ಮೆ ಕಣ್ಣು ತೋರಿಸಿಕೊಳ್ಳಲಿ ಎಂದು ಡಾಕ್ಟರು ಹೇಳಿದ್ದು ಆ ಗಾಬರಿಯಲ್ಲಿ ನಿನ್ನ ಕಿವಿಗೆ ಬೀಳಲಿಲ್ಲ, ನನ್ನ ಕಿವಿಗೆ ಬಿತ್ತು. ನೀನೋ, ಗೆಳೆಯ ನನಗಾಗಿ ಎಷ್ಟು ಒದ್ದಾಡಿದ ಎಂದು ಕಂಡವರ ಹತ್ತಿರವೆಲ್ಲ ಹೊಗಳಿದೆ. ಅದಕ್ಕಿಂತ ಎರಡೇಟು ಹೊಡೆದಿದ್ದರೆ ಹಗುರಾಗುತ್ತಿದ್ದೆ.

ಮೊನ್ನೆ ನಿನ್ನ ಮಗಳು ನಿನ್ನ ಕ್ಯಾಮೆರಾ ತಂದಿದ್ದಳು. ಹಕ್ಕಿಗಳ ಫೋಟೋ ತೆಗೆದು ಸಂಜೆ ಅಪ್ಪನಿಗೆ ಒಂದೊಂದನ್ನೂ ವರ್ಣಿಸಿ ಹೇಳುತ್ತೇನೆ ಎಂದಳು. ಕೇಳಿ ಕಣ್ಣು ತುಂಬಿತು. ಆಮೇಲೆ ಅವಳು, "ಚಿಕ್ಕಪ್ಪ, ಇನ್ನೂ ಸ್ವಲ್ಪ ಉದ್ದದ ಹುಡ್ ಮಾಡಿಕೊಡ್ತೀರಾ? ಎಲ್ಲಾ ಮಂಜು ಮಂಜಾಗಿ ಕಾಣ್ತಿದೆ" ಎಂದಳು.

ಅವಳ ಫೋಟೋಗಳನ್ನು ತೆರೆದು ನೋಡಿದೆ. ಒಂದೂ ಮಸುಕಾಗಿರಲಿಲ್ಲ. ಸಾಮಾನು ಬಂದಿಲ್ಲ ಎಂದು ಸುಳ್ಳು ಹೇಳಿ ಕಳಿಸಿದೆ.

ನಿನ್ನಲ್ಲಿ ಕ್ಷಮೆ ಕೇಳುವ ಮುಖ ನನಗಿಲ್ಲ. ಇನ್ನುಳಿದ ಮಾತು ಈ ಪತ್ರ ಓದುತ್ತಿರುವವಳಿಗೆ. ಮಗಳೇ, ನಾನು ಹುಡ್ ಮಾಡಿಕೊಡುವುದಿಲ್ಲ. ಈ ಪತ್ರ ಇವತ್ತೇ ನಿಮ್ಮ ಕೈ ಸೇರುವಂತೆ ಕಳಿಸುತ್ತಿದ್ದೇನೆ; ನಾಳೆ ಬೆಳಿಗ್ಗೆ ಅಂಗಡಿ ತೆರೆಯದೆ ಕಣ್ಣಾಸ್ಪತ್ರೆಯ ಬಾಗಿಲಲ್ಲಿ ನಿಂತಿರುತ್ತೇನೆ. ಅಪ್ಪನ ಕೈ ಹಿಡಿದುಕೊಂಡು ಬಾ. ಬೈಯುವುದಿದ್ದರೆ ಡಾಕ್ಟರು ನಿನ್ನ ಕಣ್ಣು ನೋಡಿದ ಮೇಲೆ ಇಬ್ಬರೂ ಸೇರಿ ಬೈಯಿರಿ.

ನಿನ್ನ ಕಣ್ಣು ತಣ್ಣಗಿರಲಿ, ತಾಯಿ.

ಹೇಳಬೇಕಾದಾಗ ಹೇಳದೆ ಹೋದ,
ನಿನ್ನ ಚಿಕ್ಕಪ್ಪ