ಕೆಂಪು ದ್ರವದ ಮಾತು

ಲ್ಯಾಬಿನ ಕಿಟಕಿ ಪಕ್ಕದ ಸ್ಟೂಲು,
ಬುಧವಾರ, ಮಾರ್ಚ್ ೧೩

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಇಂಜೆಕ್ಷನ್ ಚುಚ್ಚಿದ ಜಾಗದ ಗಂಟು ಕರಗಿತೇ? ಸರಿಯಾಗಿ ಊಟ ಮಾಡುತ್ತಿದ್ದೀಯ ತಾನೇ? ನಾನು ಚೆನ್ನಾಗಿದ್ದೇನೆ ಎಂದು ಬರೆದು ಹೊಡೆದುಹಾಕಿದ್ದೇನೆ, ನೋಡು. ಹತ್ತು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ. ನಿನ್ನೆ ಭಾವ ಎತ್ತಿ, "ಅವಳಿಗೆ ಮಾತಾಡೋ ಮನಸ್ಸಿಲ್ಲಮ್ಮ. ಸೋಮವಾರ ಆಸ್ಪತ್ರೆಗೆ ಹೋಗಿ, ಅಲ್ಲಿ ಫ್ರೀಜರ್‌ನಲ್ಲಿ ಉಳಿದಿರೋ ಒಂದು ಭ್ರೂಣಾನೂ ಬೇಡ ಅಂತ ಸಹಿ ಹಾಕಿ ಬರ್ತಾಳಂತೆ" ಎಂದರು. ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಈ ಪತ್ರ ಬರೆಯುತ್ತಲೇ ಮೂರು ಸಲ ಎದ್ದು ಕೈ ತೊಳೆದು ಬಂದೆ.

ಇದಕ್ಕೆಲ್ಲ ನಾನೇ ಕಾರಣ. ನಮ್ಮ ಅಧ್ಯಯನಕ್ಕೆಂದು ನೀನು ಗರ್ಭಕೋಶದ ಒಳಪದರದ ಚೂರು ಕೊಟ್ಟಾಗ ಚೀಟಿ ಅಂಟಿಸಿದವಳು ನಾನೇ, ಹಾಗಾಗಿ ಜೀವಕೋಶ ಬೆಳೆಸುವ ತಟ್ಟೆಗಳಲ್ಲಿ ಯಾವುದು ನಿನ್ನದೆಂದು ಗೊತ್ತಿತ್ತು. ಗೊತ್ತಿದ್ದರೂ ಬಾಯಿ ಮುಚ್ಚಿಕೊಂಡಿರಬೇಕು ಎಂಬುದು ಇಲ್ಲಿನ ನಿಯಮ. ನನ್ನ ಬಾಯಿ ನಿನಗೆ ಗೊತ್ತಲ್ಲ! ಆ ಪದರದ ಜೀವಕೋಶಗಳಿಗೆ ಈಸ್ಟ್ರೋಜನ್ ಎಂಬ ಹಾರ್ಮೋನು "ಬೆಳೀರಿ" ಎನ್ನುತ್ತದೆ. ಆಮೇಲೆ ಪ್ರೊಜೆಸ್ಟರಾನ್ ಬಂದು "ಬೆಳೆದದ್ದು ಸಾಕು, ಮಗು ಬರೋ ಹೊತ್ತಾಯ್ತು, ಜಾಗ ಮಾಡಿ" ಎನ್ನುತ್ತದೆ. ಆ ಮಾತು ಒಬ್ಬರಿಂದ ಒಬ್ಬರ ಕಿವಿಗೆ ದಾಟಿದಂತೆ ಜೀವಕೋಶದ ಒಳಗೊಳಗೆ ದಾಟಬೇಕು. ಪ್ರೊಜೆಸ್ಟರಾನ್ ಹಾಕಿದ ಮೇಲೂ ನಿನ್ನ ತಟ್ಟೆಯವು ಬೆಳೆಯುತ್ತಲೇ ಇದ್ದವು. ಅಷ್ಟು ನೋಡಿದ್ದೇ ತಡ, ನಿನಗೆ ಫೋನ್ ಮಾಡಿ "ನಿನ್ನವಕ್ಕೆ ಕಿವೀನೇ ಕೇಳಿಸಲ್ಲ ಕಣೇ" ಎಂದುಬಿಟ್ಟೆ. ಎರಡು ಸಲ ಗರ್ಭ ಕಳೆದುಕೊಂಡವಳಿಗೆ ಆಡುವ ಮಾತೇ ಅದು? "ಹಾಗಾದ್ರೆ ತಪ್ಪು ನನ್ನಲ್ಲೇ ಇದೆ ಬಿಡು" ಎಂದು ನೀನು ಫೋನಿಟ್ಟೆ.

ಭಾವನ ಮಾತು ಕೇಳಿದ ಮೇಲೆ ಎಲ್ಲ ತಟ್ಟೆಗಳನ್ನೂ ಮತ್ತೆ ತೆಗೆದು ನೋಡಿದೆ. ಯಾವ ಹಾರ್ಮೋನೂ ಹಾಕದ ತಟ್ಟೆಯಲ್ಲೂ ನಿನ್ನ ಜೀವಕೋಶಗಳು ಹಾಗೇ ಬೆಳೆದಿದ್ದವು! ಅಂದರೆ ಬೇರೇನೋ ಅವಕ್ಕೆ "ಬೆಳೀರಿ" ಎನ್ನುತ್ತಿತ್ತು. ಅವಕ್ಕೆ ಉಣಿಸುವ ದ್ರವದಲ್ಲಿ ಕೆಂಪು ಬಣ್ಣ ಹಾಕಿದ್ದೊಂದು, ಹಾಕದ್ದೊಂದು ಇರುತ್ತದೆ. ಆ ಬಣ್ಣ ತಾನೇ ಸಣ್ಣ ದನಿಯ ಈಸ್ಟ್ರೋಜನ್ ಇದ್ದ ಹಾಗೆ, ಹಾರ್ಮೋನಿನ ಪ್ರಯೋಗಕ್ಕೆ ಕೂಡದು. ಹೊಸಬರಿಗೆ ಮೊದಲ ದಿನವೇ ಈ ಪಾಠ ಹೇಳಿಕೊಡುವವಳು ನಾನು. ನಿನ್ನ ತಟ್ಟೆಗಳನ್ನು ಸಿದ್ಧ ಮಾಡಿದ ದಿನ ಬಣ್ಣವಿಲ್ಲದ್ದು ಮುಗಿದಿತ್ತು, ಉಗ್ರಾಣಕ್ಕೆ ಬೀಗ ಬಿದ್ದಿತ್ತು, ಏನಾಗುತ್ತದೆ ಮಹಾ ಎಂದು ಕೆಂಪನ್ನೇ ಸುರಿದಿದ್ದೆ. ಇವತ್ತು ಬೆಳಿಗ್ಗೆ ನಮ್ಮ ಲ್ಯಾಬಿನ ಮುಖ್ಯಸ್ಥೆ ಮೇಡಂ ಹತ್ತಿರ ಎಲ್ಲ ಒಪ್ಪಿಕೊಂಡೆ. "ಮೊದ್ಲು ನಿಮ್ಮಕ್ಕಂಗೆ ಹೇಳು, ನಿನ್ನ ವಿಚಾರ ಆಮೇಲೆ ನೋಡ್ತೀನಿ" ಎಂದರು.

ಉಳಿದಿದ್ದ ಜೀವಕೋಶಗಳನ್ನು ಬಣ್ಣವಿಲ್ಲದ ದ್ರವದಲ್ಲಿ ಇಟ್ಟಿದ್ದೇನೆ. ಏನಾಗುತ್ತದೋ ಗೊತ್ತಿಲ್ಲ. ತಟ್ಟೆಯಲ್ಲಿ ಕಂಡದ್ದೇ ನಿನ್ನ ಮೈಯಲ್ಲೂ ನಡೆಯುತ್ತದೆ ಎಂದು ಹೇಳುವಂತೆಯೂ ಇಲ್ಲ. ಆದರೆ ತಪ್ಪು ನಿನ್ನಲ್ಲಿದೆ ಎನ್ನಲು ನನ್ನ ಹತ್ತಿರ ಯಾವ ಆಧಾರವೂ ಇರಲಿಲ್ಲ. ತಪ್ಪಾಯಿತು ಅಕ್ಕಾ. ಸಹಿ ಹಾಕಬೇಡ.

ಭಾವನನ್ನು ಕೇಳಿದೆನೆಂದು ಹೇಳು. ನಿನ್ನ ಕಾಲಿಗೆ ಬಿದ್ದೆ ಎಂದುಕೋ.

ನಿನ್ನ ಗಡಿಬಿಡಿ

ತಾ.ಕ.: ಅಂಚೆ ಸೋಮವಾರದೊಳಗೆ ತಲುಪದಿದ್ದರೆ? ತಡೆಯಲಾರದೆ ಈಗಷ್ಟೇ ಆಸ್ಪತ್ರೆಗೆ ಫೋನ್ ಮಾಡಿದೆ, ನೀನೇ ಆಗಿ. ಫೋನಿನಲ್ಲಿ ನಮ್ಮಿಬ್ಬರ ದನಿಗೆ ಅಮ್ಮನೇ ಮೋಸ ಹೋಗುತ್ತಿದ್ದಳಲ್ಲ. "ನಾನಿನ್ನೂ ಯೋಚನೆ ಮಾಡ್ತಿದೀನಿ, ಒಂದು ತಿಂಗಳು ಬಿಟ್ಟು ಬರ್ತೀನಿ" ಎಂದೆ. ಒಪ್ಪಿದರು. ಇದೂ ತಪ್ಪೇ, ಗೊತ್ತು. ಬೇಡವೆನಿಸಿದರೆ ನೀನೇ ಅವರಿಗೆ ಹೇಳು, ಅಡ್ಡ ಬರುವುದಿಲ್ಲ. ಅದಕ್ಕೆ ಮೊದಲು ನನಗೆ ಫೋನ್ ಮಾಡಿ ಬಾಯಿ ತುಂಬ ಬೈ. ಈ ಸಲ ನಾನು ಬಾಯಿ ಬಿಡುವುದಿಲ್ಲ, ಕೇಳಿಸಿಕೊಳ್ಳುತ್ತೇನೆ.